ದೇಶಕ್ಕೆ 200 ಮಾತ್ರ ಬಂದ ಕಾರು: ಕೊಳ್ಳಲೇ, ಬೇಡವೇ?

ಪ್ರಶ್ನೆ: ನನಗೆ 41 ವರ್ಷ. ಶಿವಮೊಗ್ಗದಲ್ಲಿ ಸ್ವಂತ ವ್ಯಾಪಾರ. ಮನೆ ಬಳಕೆಗೆ ಒಂದು ಕಾರಿದೆ. ಭಾನುವಾರ ಬೆಳಿಗ್ಗೆ ಖುಷಿಗೆ ಓಡಿಸೋಕೆ ಇನ್ನೊಂದು ಬೇಕು ಅನ್ನೋದು ಹಳೇ ಆಸೆ. ಪುಣೆಯಲ್ಲಿ ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಇದೆ. 2020ರ ಮಾಡೆಲ್, 14 ಸಾವಿರ ಕಿ.ಮೀ. ಓಡಿದೆ. 33 ಲಕ್ಷ ಹೇಳುತ್ತಿದ್ದಾರೆ. "ಇಡೀ ದೇಶಕ್ಕೆ 200 ಬಂದಿದ್ದು ಸರ್, ಇದರ ರೇಟ್ ಇಳಿಯೋದೇ ಇಲ್ಲ" ಅನ್ನುತ್ತಾರೆ ಬ್ರೋಕರ್. ನಾಲ್ಕೈದು ವರ್ಷ ಓಡಿಸಿ, ಹಾಕಿದ ದುಡ್ಡು ವಾಪಸ್ ತೆಗೆಯಬಹುದಾ?
— ಓದುಗರು, ಶಿವಮೊಗ್ಗ

ಉತ್ತರ: ಓಡಿಸಬಹುದು, ಖುಷಿಯನ್ನೂ ಪಡಬಹುದು. ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದು ಕಷ್ಟ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಈ ಕಾರು 2020ರಲ್ಲಿ ಬಂದಾಗ ಶೋರೂಮ್ ಬೆಲೆ 35.99 ಲಕ್ಷ. ತೆರಿಗೆ, ಇನ್ಶೂರೆನ್ಸ್ ಸೇರಿ ಮೊದಲ ಮಾಲೀಕರಿಗೆ 40 ಲಕ್ಷದ ಮೇಲೇ ಆಗಿರುತ್ತದೆ. ಈಗ ಅವರು ಕೇಳುತ್ತಿರುವುದು 33. ಅಂದರೆ 'ಇಳಿಯೋದೇ ಇಲ್ಲ' ಅನ್ನುವ ಕಾರೂ ಏಳೆಂಟು ಲಕ್ಷ ತಿಂದಿದೆ. ಇಷ್ಟು ದೊಡ್ಡ ಕಾರಿಗೆ ಅದು ನಿಜಕ್ಕೂ ಕಡಿಮೆಯೇ, ಬ್ರೋಕರ್ ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ಲೆಕ್ಕ 33ಕ್ಕೆ ನಿಲ್ಲುವುದಿಲ್ಲ. ಪುಣೆಯಿಂದ ಎನ್‌ಒಸಿ ತಂದು ಇಲ್ಲಿ ನೋಂದಣಿ ಮಾಡಿಸಬೇಕು, ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ಮೀರಿದ ಕಾರಿಗೆ ಅದು ಶೇ. 18, ಮೇಲೆ ಸೆಸ್ ಬೇರೆ. ಅದೂ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ವಯಸ್ಸಿನ ಕಡಿತ ಕಳೆದರೂ ಕೆಲವು ಲಕ್ಷ ಹೋಗುತ್ತದೆ, ಅದನ್ನು ಮುಂದಿನ ಗಿರಾಕಿ ನಿಮಗೆ ಕೊಡುವುದಿಲ್ಲ. ಹಾಗಾಗಿ ಕೆಎ ನಂಬರಿನ ಆರ್‌ಎಸ್ ಸಿಕ್ಕರೆ ಎರಡು-ಮೂರು ಲಕ್ಷ ಜಾಸ್ತಿ ಕೊಟ್ಟರೂ ನಿಮಗೆ ಲಾಭವೇ. ಸ್ವಲ್ಪ ಕಾದು ಹುಡುಕಿ.

ಇನ್ನು ಆ '200' ಅನ್ನುವ ಮಾತು. ಕಡಿಮೆ ಬಂದಿದೆ ಅನ್ನೋದೊಂದೇ ಯಾವ ಕಾರನ್ನೂ ಕಾಪಾಡಿಲ್ಲ. 2016ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ ಬಂದಿದ್ದು ನೆನಪಿದೆಯಾ? ಎರಡೇ ಬಾಗಿಲು, 192 ಪಿಎಸ್ (ಅಶ್ವಶಕ್ತಿ), ದೇಶಕ್ಕೆಲ್ಲ 99 ಕಾರು. ಬೆಲೆ 25.99 ಲಕ್ಷ. ಪೋಲೋಗೆ ಇಷ್ಟಾ ಅಂತ ಜನ ಹಿಂದೇಟು ಹಾಕಿದರು. ಮರುವರ್ಷ ಕಂಪನಿಯೇ 19.99 ಲಕ್ಷಕ್ಕೆ ಇಳಿಸಿತು. ಮೊದಲು ಕೊಂಡವರ 6 ಲಕ್ಷ ಒಂದೇ ಏಟಿಗೆ ಹೋಯಿತು. ಅದಕ್ಕೆ ಉಲ್ಟಾ ಬಿಎಂಡಬ್ಲ್ಯು 1ಎಂ ಕೂಪೆ ನೋಡಿ. 2011ರಲ್ಲಿ 2,700 ಮಾಡುತ್ತೇವೆ ಅಂದವರು ಕೊನೆಗೆ 6,000ಕ್ಕೂ ಹೆಚ್ಚು ಮಾಡಿದರು. ಆದರೂ ಹೊರದೇಶಗಳಲ್ಲಿ ಅದರ ಬೆಲೆ ಗಟ್ಟಿಯಾಗೇ ನಿಂತಿದೆ. ಚಿಕ್ಕ ಮೈ, ಆರು ಸಿಲಿಂಡರ್, ಮ್ಯಾನ್ಯುಅಲ್ ಗೇರ್ ಮಾತ್ರ. ಅಂಥದ್ದು ಮತ್ತೆ ಸಿಗುವುದಿಲ್ಲ ಅಂತ ಜನಕ್ಕೆ ಗೊತ್ತಿತ್ತು.

'ಮತ್ತೆ ಸಿಗುವುದಿಲ್ಲ' ಅನ್ನುವ ನಂಬಿಕೆ ಮುರಿದರೆ ಏನಾಗುತ್ತದೆ ಅನ್ನೋದಕ್ಕೆ ಪೋರ್ಷ 911 ಆರ್ ಇದೆ. 2016ರಲ್ಲಿ 991 ಕಾರು ಮಾತ್ರ ಮಾಡಿದರು. 911ರದೇ ಇನ್ನೊಂದು ಮಾದರಿಯಾದ ಆಗಿನ ಜಿಟಿ3ಗೆ ಮ್ಯಾನ್ಯುಅಲ್ ಗೇರ್ ಇರಲಿಲ್ಲ, ಇದಕ್ಕಿತ್ತು. ಬೆಲೆ ಹೊಸದರ ಎರಡು ಪಟ್ಟು ದಾಟಿ ಓಡಿತು. ಮರುವರ್ಷ ಜಿಟಿ3ಗೇ ಮ್ಯಾನ್ಯುಅಲ್ ಕೊಟ್ಟರು. ಆರ್‌ನ ಬೆಲೆ ಜಾರಿತು. ಅದರ ಸಂಖ್ಯೆ ಆಗಲೂ 991ರಷ್ಟೇ ಇತ್ತು!

ನಿಮ್ಮ ಆರ್‌ಎಸ್ 245 ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ? 245 ಪಿಎಸ್, 370 ನ್ಯೂಟನ್ ಮೀಟರ್, ತಾನೇ ಗೇರ್ ಬದಲಿಸುವ 7 ಗೇರಿನ ಡಿಎಸ್‌ಜಿ. ಮ್ಯಾನ್ಯುಅಲ್ ಇಲ್ಲ. ಮಾಮೂಲಿ ಆಕ್ಟೇವಿಯಾ 2023ರಲ್ಲಿ ನಮ್ಮ ಮಾರುಕಟ್ಟೆಯಿಂದ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಹೊಸ ಆರ್‌ಎಸ್ ಬಂತು, 265 ಪಿಎಸ್, 100 ಕಾರು, 49.99 ಲಕ್ಷ. ಹೊಸದರ ಬೆಲೆ ಅಷ್ಟು ಮೇಲಿರುವುದರಿಂದ ಹಳೆಯದು ಒಮ್ಮೆಲೇ ಬೀಳುವುದಿಲ್ಲ. ಹಾಗಂತ ಏರುತ್ತಲೇ ಹೋಗುವ ಕಾರೂ ಅಲ್ಲ. ನಿಧಾನಕ್ಕೆ ಇಳಿಯುವ ಕಾರು ಅಂತ ತಿಳಿದುಕೊಂಡು ಕೊಳ್ಳಿ.

ಪುಣೆಗೆ ಹೋದರೆ ಮೊದಲು ಡಿಕ್ಕಿ ತೆಗೆಸಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಂದು ಬಿಳಿ ಸ್ಟಿಕರ್ ಇರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಬಣ್ಣದ ಕೋಡ್ ಎಲ್ಲ ಅದರಲ್ಲಿದೆ. ಅದರ ಫೋಟೋ, ಚಾಸಿ ನಂಬರ್ ಎರಡನ್ನೂ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿ ಕೇಳಿ. ಮಾಮೂಲಿ ಆಕ್ಟೇವಿಯಾಗೆ ಆರ್‌ಎಸ್ ಬಂಪರ್, ಬ್ಯಾಡ್ಜ್ ಅಂಟಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆರ್‌ಸಿಯಲ್ಲಿ ಏನು ಬರೆದಿದೆ ಅಂತಲೂ ನೋಡಿ.

ಎರಡನೆಯದು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು. ಇದೇ ನನಗೆ ದೊಡ್ಡ ಭಯ. ಈ ಎಂಜಿನ್‌ಗೆ 'ಸ್ಟೇಜ್ 1' ಅನ್ನುವ ಮೊದಲ ಹಂತದ ರೀಮ್ಯಾಪ್ ಹಾಕಿಸುವುದು ನಮ್ಮ ಹುಡುಗರಿಗೆ ಚಟ. ಮಾರುವ ಮುಂಚೆ ಮತ್ತೆ ಕಂಪನಿಯ ಮೂಲ ಸಾಫ್ಟ್‌ವೇರ್ (ಸ್ಟಾಕ್ ಫೈಲ್) ಹಾಕಿಬಿಡುತ್ತಾರೆ. ಓಡಿಸಿ ನೋಡಿದರೆ ಗೊತ್ತೇ ಆಗುವುದಿಲ್ಲ. ಕಂಪನಿ ಕಂಪ್ಯೂಟರ್‌ನಲ್ಲಿ ಈ ಚಾಸಿ ನಂಬರ್‌ಗೆ 'ಟಿಡಿ1' ಅನ್ನುವ ಗುರುತು ಬಿದ್ದಿದೆಯಾ ಕೇಳಿ. ಬಿದ್ದಿದ್ದರೆ ಆ ಕಾರಿಗೆ ರೀಮ್ಯಾಪ್ ಆಗಿದ್ದು ಕಂಪನಿಗೆ ಸಿಕ್ಕಿಬಿದ್ದಿದೆ ಅಂತ ಅರ್ಥ. ಗುರುತಿಲ್ಲ ಅಂದಮಾತ್ರಕ್ಕೆ ಆಗೇ ಇಲ್ಲ ಅಂತಲೂ ಅಲ್ಲ. ರೀಮ್ಯಾಪ್ ಆದ ಕಾರು ಕೆಟ್ಟದ್ದೇ ಅಂತ ನಾನು ಹೇಳಲ್ಲ, ಆದರೆ ಬೆಲೆ ಉಳಿಯಬೇಕು ಅನ್ನುವವರಿಗೆ ಅದು ಬೇಡ.

ಈ ಎಂಜಿನ್‌ನಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಭಾಗದಿಂದ ಕೂಲೆಂಟ್ ಸೋರುವುದು ಹಳೇ ಕಾಯಿಲೆ. ಟಾರ್ಚ್ ಹಾಕಿ ಒಣಗಿದ ಗುಲಾಬಿ ಕಲೆ ಇದೆಯಾ ನೋಡಿ. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಇರುವ ಮೆಕ್ಯಾನಿಕ್ ಜೊತೆಗಿರಲಿ. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಒಂದು ಬಾಗಿಲಲ್ಲಿ ಮಾತ್ರ 300 ಬಂತು ಅಂದರೆ ಅಲ್ಲಿ ಟಿಂಕರಿಂಗ್ ಆಗಿದೆ, ಕೇಳಿ. ಟೈರಿನ ಪಕ್ಕದ ನಾಲ್ಕಂಕಿ ಓದಿ: 1320 ಅಂದರೆ 2020ರ 13ನೇ ವಾರದ್ದು. 14 ಸಾವಿರ ಓಡಿದ ಕಾರಿಗೆ ಹಳೇ ಟೈರ್ ಇರೋದು ಸಹಜ, ಆದರೆ ನೋಡೋಕೆ ಚೆನ್ನಾಗಿದ್ದರೂ ಬದಲಾಯಿಸಬೇಕಾಗುತ್ತದೆ. ಆ ಖರ್ಚು ಹಿಡಿದು ಚೌಕಾಸಿ ಮಾಡಿ.

ಕೊಂಡಮೇಲೆ ಓಡಿಸಿ. ಬೆಲೆ ಉಳಿಯಲಿ ಅಂತ ಬಟ್ಟೆ ಹೊದಿಸಿ ಇಡುವವರನ್ನು ನೋಡಿದ್ದೇನೆ, ನಾನೂ ಒಮ್ಮೆ ಹಾಗೇ ಮಾಡಿದವನು. ಒಂದು ಮಳೆಗಾಲ ಪೂರ್ತಿ ಊರಿನ ಕೊಟ್ಟಿಗೆ ಪಕ್ಕ ಕಾರು ನಿಂತಿತ್ತು. ದೀಪಾವಳಿಗೆ ಬಾನೆಟ್ ಎತ್ತಿದರೆ ಇಲಿ ಸಂಸಾರ! ಅರ್ಧ ವೈರಿಂಗ್ ಕಡಿದಿತ್ತು, ಉಳಿದಿದ್ದನ್ನು ಗೂಡಿಗೆ ಬಳಸಿತ್ತು. ಮಲೆನಾಡಿನ ಅಂಚಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಹೋಗಿಬನ್ನಿ. ಬೆಳಿಗ್ಗೆ ಆರಕ್ಕೆ ಹೊರಟು ತೀರ್ಥಹಳ್ಳಿ ಕಡೆ ಹೋಗಿ ತಿಂಡಿ ತಿಂದು ಬಂದರೆ ಸಾಕು. ಹಂಪ್ ಕಂಡಲ್ಲಿ ನಿಧಾನ, ಇದರ ಟೈರ್ ತೆಳ್ಳಗಿವೆ, ರಿಮ್ ಬೇಗ ಸೊಟ್ಟಗಾಗುತ್ತದೆ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಐದು ವರ್ಷ ದಾಟಿದ ಕಾರಿನ ಐಡಿವಿಯನ್ನು (ಕಾರು ಪೂರ್ತಿ ಹೋದರೆ ಸಿಗುವ ವಿಮೆ ಮೊತ್ತ) ನೀವು ಮತ್ತು ಇನ್ಶೂರೆನ್ಸ್ ಕಂಪನಿ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ತಾನಾಗೇ ಬರುವ ಅಂಕಿಗೆ ಹೂಂ ಅನ್ನಬೇಡಿ. 33 ಲಕ್ಷದ ಕಾರು 14 ಲಕ್ಷ ಅಂತ ಕೂತಿರುತ್ತದೆ.

ಪ್ರಶ್ನೆ: 2025ರ ಹೊಸ ಆರ್‌ಎಸ್ ಬುಕಿಂಗ್ ಕೈತಪ್ಪಿತು. ಡೆಲಿವರಿ ತಗೊಂಡ ಒಬ್ಬರು ಐದು ಲಕ್ಷ ಮೇಲೆ ಕೊಟ್ಟರೆ ಬಿಟ್ಟುಕೊಡುತ್ತೇನೆ ಅನ್ನುತ್ತಾರೆ. ತಗೊಳ್ಳಲೇ?
— ಓದುಗರು, ಮಂಗಳೂರು

ಉತ್ತರ: ಬೇಡ. ಆ ಐದು ಲಕ್ಷ ಕೊಟ್ಟು ನೀವು ಎರಡನೇ ಮಾಲೀಕರಾಗುತ್ತೀರಿ, ಅಷ್ಟೇ. ಒಂದು ವರ್ಷ ಸುಮ್ನಿರಿ. ಆಸೆಗೆ ಕೊಂಡವರಲ್ಲಿ ಯಾರೋ ಒಬ್ಬರು ಮಾರಲು ಬಂದೇ ಬರುತ್ತಾರೆ. ಅಷ್ಟರಲ್ಲಿ ಕಂಪನಿ ಇನ್ನೊಂದು ಕಂತು ತರಿಸಿದರೂ ಆಶ್ಚರ್ಯವಿಲ್ಲ.