ಹೊಸ ಡೆಸ್ಕ್‌ಟಾಪ್‌ಗೆ ಹೈಬ್ರಿಡ್ ಡ್ರೈವ್ ಬೇಕಾ, ಎಸ್‌ಎಸ್‌ಡಿ ಸಾಕಾ?

ಪ್ರಶ್ನೆ: ಹಾಸನದಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಬ್ಯಾನರ್, ಪುಸ್ತಕದ ಪುಟವಿನ್ಯಾಸ, ಜೊತೆಗೆ ಮದುವೆ ಆಲ್ಬಮ್ ಕೆಲಸ. ಹಳೇ ಕಂಪ್ಯೂಟರ್ ತುಂಬಾ ನಿಧಾನ. ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಬೇಕು. ‘2 ಟಿಬಿ ಹೈಬ್ರಿಡ್ ಡ್ರೈವ್ ಹಾಕಿಸಿ, ವೇಗವೂ ಸಿಗುತ್ತೆ, ಜಾಗವೂ ಸಿಗುತ್ತೆ’ ಅಂತ ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರೆ. ಗೆಳೆಯರು 500 ಜಿಬಿ ಎಸ್‌ಎಸ್‌ಡಿ ಸಾಕು ಅನ್ನುತ್ತಾರೆ. ಯಾವುದು ಸರಿ?

ಉತ್ತರ: ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡ್ರೈವ್, ಹಾಕಿಸಿಕೊಳ್ಳಿ. 2 ಟಿಬಿ ಜಾಗ ಬೇಕೇ ಬೇಕು ಅಂದರೆ ಜೊತೆಗೆ ಒಂದು ಸಾದಾ ಹಾರ್ಡ್ ಡಿಸ್ಕ್ ಸೇರಿಸಿ. ಎರಡನ್ನೂ ಒಂದರಲ್ಲೇ ಬೆರೆಸಿದ ಹೈಬ್ರಿಡ್ ಡ್ರೈವ್ ಮಾತ್ರ ಬೇಡ. ಅಂಗಡಿಯವರ ಮಾತಿನಲ್ಲಿ ಅರ್ಧ ನಿಜ ಇದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಹಳೇ ಕಂಪ್ಯೂಟರ್ ಯಾಕೆ ನಿಧಾನ ಅಂತ ನೋಡೋಣ. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಮಾಹಿತಿ ಅದನ್ನು ಓದುವ ಹೆಡ್‌ನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ ಸರಿಯಾದ ಜಾಗಕ್ಕೆ ಸರಿಯಬೇಕು, ಅದಕ್ಕೆ ಇನ್ನೊಂದು 8–9 ಮಿಲಿಸೆಕೆಂಡ್. ಎರಡೂ ಸೇರಿ 12–13 ಮಿಲಿಸೆಕೆಂಡ್ ಆಯಿತು. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ 80ರ ಆಸುಪಾಸಿನಲ್ಲಷ್ಟೇ ಓದಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಒಂದು ತುಣುಕನ್ನು ಓದಲು ಅದಕ್ಕೆ 0.1 ಮಿಲಿಸೆಕೆಂಡ್ ಸಾಕು.

ಇದು ನಿಮ್ಮ ಕೆಲಸದಲ್ಲಿ ಎಲ್ಲಿ ಕಾಣುತ್ತದೆ ಗೊತ್ತಾ? ಫಾಂಟ್‌ಗಳಲ್ಲಿ. ಕನ್ನಡ ಡಿಟಿಪಿ ಮಾಡುವವರ ಕಂಪ್ಯೂಟರ್‌ನಲ್ಲಿ ನುಡಿ, ಬರಹ, ಶ್ರೀಲಿಪಿ, ಗಿರಾಕಿ ಪೆನ್‌ಡ್ರೈವ್‌ನಲ್ಲಿ ತಂದ ಇನ್ನಷ್ಟು, ಹೀಗೆ ನೂರಾರು ಫಾಂಟ್ ಇರುತ್ತವೆ. ಒಂದೊಂದೂ ಸಣ್ಣ ಫೈಲ್. ಬೆಳಿಗ್ಗೆ ಮೊದಲ ಸಲ ಕೋರೆಲ್‌ಡ್ರಾ ತೆರೆದಾಗ ಆ ಪಟ್ಟಿ ಸಿದ್ಧವಾಗಬೇಕು. 400 ಫಾಂಟ್ ಇವೆ ಅಂದುಕೊಳ್ಳಿ. ಒಂದೊಂದಕ್ಕೆ ಹೆಡ್ ಮೂರು ನಾಲ್ಕು ಸಲ ಓಡಾಡಿದರೂ ಬರೀ ಓಡಾಟಕ್ಕೇ 15–20 ಸೆಕೆಂಡ್ ಹೋಗುತ್ತದೆ. ಎಸ್‌ಎಸ್‌ಡಿಗೆ ಅಷ್ಟೇ ಕೆಲಸಕ್ಕೆ ಅರ್ಧ ಸೆಕೆಂಡೂ ಬೇಡ. ಮುಚ್ಚಿ ಮತ್ತೆ ತೆರೆದಾಗ ಹಳೇ ಕಂಪ್ಯೂಟರ್‌ನಲ್ಲೂ ಬೇಗ ಬರುತ್ತೆ ಅಲ್ವಾ? ಒಮ್ಮೆ ಓದಿದ್ದನ್ನು ವಿಂಡೋಸ್ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಅದಕ್ಕೆ. ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿನಿಂದ.

ಈಗ ಹೈಬ್ರಿಡ್ ವಿಷಯ. ಅದು ಬೇರೇನಲ್ಲ, ಸಾದಾ ಹಾರ್ಡ್ ಡಿಸ್ಕ್‌ನೊಳಗೆ ಸ್ವಲ್ಪ ಫ್ಲ್ಯಾಶ್ ಮೆಮೊರಿ (ಎಸ್‌ಎಸ್‌ಡಿಯಲ್ಲಿರುವಂಥ ಚಿಪ್) ಸೇರಿಸಿರುತ್ತಾರೆ. ನೀವು ಪದೇ ಪದೇ ಯಾವುದನ್ನು ಓದುತ್ತೀರಿ ಅಂತ ಡ್ರೈವ್ ಗಮನಿಸುತ್ತದೆ. ಅದರ ಒಂದು ನಕಲನ್ನು ಫ್ಲ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ವಿಂಡೋಸ್ ದಿನಾ ಓದುವ ಫೈಲ್‌ಗಳು ಹೆಚ್ಚು ಕಡಿಮೆ ಅವೇ ಆದ್ದರಿಂದ ಕಂಪ್ಯೂಟರ್ ನಿಜಕ್ಕೂ ಬೇಗ ಆನ್ ಆಗುತ್ತದೆ. ಅಂಗಡಿಯವರ ಮಾತು ಅಲ್ಲಿಯವರೆಗೆ ಸರಿ.

ತೊಂದರೆ ಇರುವುದು ಆ ಫ್ಲ್ಯಾಶ್ ಎಷ್ಟಿದೆ ಅನ್ನುವುದರಲ್ಲಿ. ಸೀಗೇಟ್ ಕಂಪನಿ 2013ರಲ್ಲಿ ತಂದ ಡೆಸ್ಕ್‌ಟಾಪ್ ಹೈಬ್ರಿಡ್‌ಗಳಲ್ಲಿ ಇದ್ದದ್ದು 8 ಜಿಬಿ. 1 ಟಿಬಿಗೂ 8 ಜಿಬಿ, 2 ಟಿಬಿಗೂ ಅಷ್ಟೇ. ನಿಮ್ಮ ಒಂದು ಮದುವೆಯ ಲೆಕ್ಕ ಹಾಕಿ. 2,000 ರಾ ಫೋಟೊ (ಕ್ಯಾಮೆರಾ ಸಂಸ್ಕರಿಸದೆ ಇಡುವ ದೊಡ್ಡ ಫೈಲ್), ಒಂದೊಂದು 25 ಎಂಬಿ ಅಂದರೆ 50 ಜಿಬಿ. 8 ಜಿಬಿಯಲ್ಲಿ 300 ಚಿಲ್ಲರೆ ಫೋಟೊ ಹಿಡಿದರೆ ಹೆಚ್ಚು. ಅದಕ್ಕಿಂತ ಮುಖ್ಯ ಅಂದರೆ, ಆ ಫೋಟೊಗಳು ಅದೇ ದಿನ ಬಂದವು. ಡ್ರೈವ್ ಅವನ್ನು ಮುಂಚೆ ನೋಡಿಯೇ ಇಲ್ಲ. ಕಾರ್ಡ್‌ನಿಂದ ಕಾಪಿ ಮಾಡುವಾಗಲೂ ಅವು ನೇರ ತಟ್ಟೆಗೇ ಹೋಗುತ್ತವೆ. ಒಂದು ಆಲ್ಬಮ್ ಮುಗಿದ ಕೂಡಲೇ ಇನ್ನೊಂದು ಶುರು. ಪದೇ ಪದೇ ಓದುವ ಫೈಲ್ ಅಂತ ಅಲ್ಲಿ ಇರುವುದೇ ಕಡಿಮೆ. ಅಂದರೆ ನಿಮಗೆ ವೇಗ ಬೇಕಾದ ಹೊತ್ತಲ್ಲೇ ಹೈಬ್ರಿಡ್ ಸಾದಾ ಹಾರ್ಡ್ ಡಿಸ್ಕ್‌ನಂತೆ ನಡೆದುಕೊಳ್ಳುತ್ತದೆ.

ಎಸ್‌ಎಸ್‌ಡಿ ಬೆಲೆ ಕೈಗೆಟುಕದಿದ್ದ ಕಾಲದಲ್ಲಿ ಇದು ಒಳ್ಳೆಯ ಉಪಾಯವೇ ಆಗಿತ್ತು. ಆಪಲ್ 2012ರಲ್ಲಿ ಫ್ಯೂಷನ್ ಡ್ರೈವ್ ಅಂತ ತಂದಾಗ 1 ಟಿಬಿ ಹಾರ್ಡ್ ಡಿಸ್ಕ್ ಜೊತೆ 128 ಜಿಬಿ ಫ್ಲ್ಯಾಶ್ ಕೊಟ್ಟಿತ್ತು. ಅಷ್ಟು ಇದ್ದರೆ ಕೆಲಸ ಚೆನ್ನಾಗಿಯೇ ನಡೆಯುತ್ತದೆ. 2015ಕ್ಕೆ ಅದೇ 1 ಟಿಬಿ ಮಾದರಿಯಲ್ಲಿ ಫ್ಲ್ಯಾಶ್ ಅನ್ನು 24 ಜಿಬಿಗೆ ಇಳಿಸಿದರು. 2021ರ ಹೊಸ ಐಮ್ಯಾಕ್‌ನಲ್ಲಿ ಬರೀ ಎಸ್‌ಎಸ್‌ಡಿ. ಇಂಟೆಲ್ 2017ರಲ್ಲಿ ಹಾರ್ಡ್ ಡಿಸ್ಕ್ ವೇಗ ಹೆಚ್ಚಿಸಲು 16 ಮತ್ತು 32 ಜಿಬಿಯ ಆಪ್ಟೇನ್ ಮೆಮೊರಿ ತಂದಿತ್ತು. 2022ರಲ್ಲಿ ಆಪ್ಟೇನ್ ವ್ಯವಹಾರವನ್ನೇ ಕೈಬಿಡುವುದಾಗಿ ಹೇಳಿತು. ಹೀಗಿರುವಾಗ ಇವತ್ತು ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಡ್ರೈವ್ ಹಳೇ ಸ್ಟಾಕ್ ಆಗಿರುವ ಸಾಧ್ಯತೆಯೇ ಹೆಚ್ಚು. ಕೆಲವು ಅಂಗಡಿಯವರು ಬೇರೆ ಬೇರೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡನ್ನೂ ಹಾಕಿ ಅದಕ್ಕೂ ಹೈಬ್ರಿಡ್ ಅನ್ನುತ್ತಾರೆ. ಹಾಗಿದ್ದರೆ ಒಳ್ಳೆಯದೇ. ಕೊಟೇಶನ್‌ನಲ್ಲಿ ಮಾದರಿ ಸಂಖ್ಯೆ ಬರೆಸಿಕೊಳ್ಳಿ, ಗೊತ್ತಾಗುತ್ತದೆ.

ನಿಮಗೆ ನನ್ನ ಸಲಹೆ ಇದು. ಬಜೆಟ್ ಇದ್ದರೆ 1 ಟಿಬಿ ಎಸ್‌ಎಸ್‌ಡಿ, ಇಲ್ಲದಿದ್ದರೆ 500 ಜಿಬಿ. 256ಕ್ಕೆ ಇಳಿಯಬೇಡಿ. ವಿಂಡೋಸ್, ಅಡೋಬಿ, ಕೋರೆಲ್ ಎಲ್ಲ ಸೇರಿದರೆ 100 ಜಿಬಿ ಸುಲಭವಾಗಿ ಹೋಗುತ್ತದೆ. ಮೇಲೆ ಎರಡು ಮದುವೆ ಬಂದರೆ ಡ್ರೈವ್ ತುಂಬಿತು. ಎಸ್‌ಎಸ್‌ಡಿ ತುಂಬುತ್ತಾ ಹೋದಂತೆ ಬರೆಯುವ ವೇಗ ಕಡಿಮೆಯಾಗುತ್ತದೆ, 15–20 ಶೇಕಡಾ ಯಾವಾಗಲೂ ಖಾಲಿ ಇರಲಿ. ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲಿ, ಮುಗಿದ ಕೆಲಸ ಹಾರ್ಡ್ ಡಿಸ್ಕ್‌ನಲ್ಲಿ. ಈ ರೂಢಿ ಒಂದನ್ನು ಮಾಡಿಕೊಂಡರೆ ಹೈಬ್ರಿಡ್ ಡ್ರೈವ್ ಊಹೆಯ ಮೇಲೆ ಮಾಡುವ ಕೆಲಸವನ್ನು ನೀವೇ ಅದಕ್ಕಿಂತ ಚೆನ್ನಾಗಿ ಮಾಡುತ್ತೀರಿ. ಮುಂದಿನ ವಾರ ಯಾವ ಆಲ್ಬಮ್ ತೆರೆಯುತ್ತೀರಿ ಅಂತ ಡ್ರೈವ್‌ಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಜೋಡಿಸುವಾಗ ಒಂದು ವಿಷಯ ಮರೆಯಬೇಡಿ. ವಿಂಡೋಸ್ ಹಾಕುವ ಹೊತ್ತಿಗೆ ಹಾರ್ಡ್ ಡಿಸ್ಕ್‌ನ ಕೇಬಲ್ ತೆಗೆಸಿಬಿಡಿ. ಎರಡೂ ಇದ್ದರೆ ಕೆಲವೊಮ್ಮೆ ಬೂಟ್ ಆಗಲು ಬೇಕಾದ ಭಾಗ ಹಾರ್ಡ್ ಡಿಸ್ಕ್‌ನಲ್ಲಿ ಕೂತುಬಿಡುತ್ತದೆ. ಮುಂದೆ ಆ ಡಿಸ್ಕ್ ಕೆಟ್ಟರೆ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಕಂಪ್ಯೂಟರ್ ಆನ್ ಆಗುವುದಿಲ್ಲ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅದೇ ಕ್ಯಾಬಿನೆಟ್‌ನ ಒಳಗಿರುವ ಎರಡನೇ ಡಿಸ್ಕ್ ಬ್ಯಾಕಪ್ ಅಲ್ಲ. ಸಿಡಿಲು ಬಡಿದರೆ, ವೈರಸ್ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಎಸ್‌ಎಸ್‌ಡಿಯಲ್ಲಿ ಇನ್ನೊಂದು ಅಪಾಯ ಇದೆ. ಫೈಲ್ ಅಳಿಸಿದ ಕೂಡಲೇ ಆ ಜಾಗ ಖಾಲಿಯಾಯಿತು ಅಂತ ವಿಂಡೋಸ್ ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಅದನ್ನು ಒಳಗೊಳಗೇ ಒರೆಸಿಬಿಡುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೆದ ಹಾಗೆ ಇಲ್ಲಿ ತೆಗೆಯುವುದು ಬಹಳ ಕಷ್ಟ. ಯಾರದೋ ಮದುವೆಯ ಫೋಟೊ ಮತ್ತೆ ತೆಗೆಯಲು ಆಗುವುದಿಲ್ಲ. ಯುಎಸ್‌ಬಿ ಹಾರ್ಡ್ ಡಿಸ್ಕ್ ಒಂದು ತೆಗೆದುಕೊಳ್ಳಿ. ಸಂಜೆ ಕಾಪಿ ಮಾಡಿ, ಬಿಚ್ಚಿ, ಮನೆಗೆ ಒಯ್ಯಿರಿ.

ಪ್ರಶ್ನೆ: ಎಸ್‌ಎಸ್‌ಡಿಗೆ ಇಷ್ಟೇ ಸಲ ಬರೆಯಬಹುದು ಅಂತ ಮಿತಿ ಇದೆಯಂತೆ. ನಮ್ಮೂರಲ್ಲಿ ಕರೆಂಟ್ ಬೇರೆ ದಿನಕ್ಕೆ ನಾಲ್ಕಾರು ಸಲ ಹೋಗುತ್ತದೆ. ಹಾರ್ಡ್ ಡಿಸ್ಕೇ ಗಟ್ಟಿ ಅಲ್ವಾ?

ಉತ್ತರ: ಮಿತಿ ಇರುವುದು ನಿಜ. ಒಳ್ಳೆಯ 1 ಟಿಬಿ ಎಸ್‌ಎಸ್‌ಡಿಗಳಿಗೆ ಐದು ವರ್ಷ ಅಥವಾ 600 ಟಿಬಿ ಬರೆಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇರುವುದು ಸಾಮಾನ್ಯ. ದಿನಕ್ಕೆ 20 ಜಿಬಿ ಬರೆದರೆ ವರ್ಷಕ್ಕೆ 7.3 ಟಿಬಿ. 600 ಟಿಬಿ ಮುಟ್ಟಲು 80 ವರ್ಷ ಬೇಕು. ಈ ಭಯ ಬಿಟ್ಟುಬಿಡಿ.

ಕರೆಂಟ್ ಹೋಗುವುದು ನಿಜವಾದ ತೊಂದರೆ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಮನೆ ಬಳಕೆಯ ಎಸ್‌ಎಸ್‌ಡಿಯಲ್ಲಿ ಆ ಹೊತ್ತಿನ ಮಾಹಿತಿ ಹೋಗಬಹುದು. ಅಪರೂಪಕ್ಕೆ ಡ್ರೈವ್ ಪೂರ್ತಿ ಕೈಕೊಡುವುದೂ ಉಂಟು. ಹಾಗಂತ ಹಾರ್ಡ್ ಡಿಸ್ಕ್‌ಗೂ ಇದು ಒಳ್ಳೆಯದಲ್ಲ. ಡ್ರೈವ್ ಯಾವುದೇ ಇರಲಿ, ಯುಪಿಎಸ್ ಹಾಕಿ. 600 ವಿಎ ಸಾಮರ್ಥ್ಯದ್ದಾದರೆ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಮನೆಯ ಇನ್ವರ್ಟರ್‌ನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿ ನೋಡಿ. ಸಾದಾ ಮೋಡ್‌ನಲ್ಲಿ ಬದಲಾಗಲು ಜಾಸ್ತಿ ಹೊತ್ತು ಹಿಡಿಯುವುದರಿಂದ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ.

ಪ್ರಶ್ನೆ: ಸಾಟಾ, ಎನ್‌ವಿಎಂಇ, ಜೆನ್ 4, ಜೆನ್ 5 ಅಂತೆಲ್ಲ ಇವೆ. ದುಬಾರಿಯದ್ದೇ ಬೇಕಾ?

ಉತ್ತರ: ಬೇಡ. ಸಾಟಾ, ಎನ್‌ವಿಎಂಇ ಅಂದರೆ ಡ್ರೈವ್ ಕಂಪ್ಯೂಟರ್ ಜೊತೆ ಮಾತಾಡುವ ಎರಡು ಬಗೆ; ಜೆನ್ ಅಂದರೆ ಎನ್‌ವಿಎಂಇ ಬಳಸುವ ದಾರಿಯ ತಲೆಮಾರು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಜೆನ್ 3 ಎನ್‌ವಿಎಂಇ 3,500ರವರೆಗೆ, ಜೆನ್ 4 ಏಳು ಸಾವಿರದವರೆಗೆ. ಆದರೆ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಕಾಣುವ ವ್ಯತ್ಯಾಸ ಅಲ್ಲಿಂದ ಮೇಲಕ್ಕೆ ಹೋದಾಗ ಕಾಣುವುದಿಲ್ಲ. ದೊಡ್ಡ ವಿಡಿಯೊ ಎಡಿಟ್ ಮಾಡುವವರಿಗೆ ಜೆನ್ 4 ಬೇಕಾಗಬಹುದು. ಹೊಸ ಮದರ್‌ಬೋರ್ಡ್‌ಗಳಲ್ಲಿ ಎನ್‌ವಿಎಂಇ ಕೂರಿಸುವ ಎಂ.2 ಜಾಗ ಇದ್ದೇ ಇರುವುದರಿಂದ ಮಧ್ಯಮ ಬೆಲೆಯ ಎನ್‌ವಿಎಂಇ ತೆಗೆದುಕೊಳ್ಳಿ. ಉಳಿದ ಹಣವನ್ನು ಜಾಗಕ್ಕೆ ಹಾಕಿ.

ಬಾಕ್ಸ್ ಮೇಲಿನ ವೇಗಕ್ಕಿಂತ ಒಳಗಿನ ಚಿಪ್ ಟಿಎಲ್‌ಸಿಯೋ (ಒಂದು ಕೋಶದಲ್ಲಿ ಮೂರು ಬಿಟ್ ಇಡುವುದು) ಕ್ಯೂಎಲ್‌ಸಿಯೋ (ನಾಲ್ಕು ಬಿಟ್ ಇಡುವುದು) ಅಂತ ಕೇಳಿ. ಅಗ್ಗದ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಒಂದೇ ಸಮನೆ ಹತ್ತಾರು ಜಿಬಿ ಕಾಪಿ ಮಾಡುವಾಗ ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಇಳಿಯುತ್ತವೆ, ಅಂದರೆ ಹಾರ್ಡ್ ಡಿಸ್ಕ್‌ಗಿಂತ ಕಡಿಮೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೇ ಕೊಳ್ಳಿ, ಆನ್‌ಲೈನ್‌ನಲ್ಲೇ ಕೊಳ್ಳಿ, ಸೀಲ್ ಇರುವ ಬಾಕ್ಸ್, ಜಿಎಸ್‌ಟಿ ಬಿಲ್ ಎರಡೂ ಇರಲಿ. ಮನೆಗೆ ಬಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಡ್ರೈವ್ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹೊಸದರಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಸಾವಿರಗಟ್ಟಲೆ ಗಂಟೆ ತೋರಿಸಿದರೆ ಯಾವುದೋ ಹಳೇ ಕಂಪ್ಯೂಟರ್‌ನಿಂದ ಬಿಚ್ಚಿದ್ದು, ಅವತ್ತೇ ವಾಪಸ್ ಕೊಡಿ.

ಪ್ರಶ್ನೆ: ಹೊಸದು ಕೊಳ್ಳುವ ಬದಲು ಹತ್ತು ವರ್ಷದ ಹಳೇ ಡೆಸ್ಕ್‌ಟಾಪ್‌ಗೇ ಎಸ್‌ಎಸ್‌ಡಿ ಹಾಕಿಸಿದರೆ?

ಉತ್ತರ: ಖಂಡಿತ ಹಾಕಿಸಿ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಬರವಣಿಗೆ, ಇಂಟರ್‌ನೆಟ್, ಮಕ್ಕಳ ಓದಿಗೆ ಆ ಕಂಪ್ಯೂಟರ್ ಇನ್ನೂ ಕೆಲವು ವರ್ಷ ಬಾಳುತ್ತದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಸೇರಿ) ಮಾತ್ರ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಷ್ಟು ಹಳೇ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿಕೊಂಡರೆ ಯೂನಿಕೋಡ್ ಕನ್ನಡ ಟೈಪಿಂಗ್‌ಗೆ ಏನೂ ಅಡ್ಡಿಯಿಲ್ಲ. ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಾದರೆ ಈ ಬದಲಾವಣೆಯನ್ನು ಮುಂದೂಡಬೇಡಿ.