ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ದೊಡ್ಡಮ್ಮ, ಬ್ಯಾಂಕಿನಲ್ಲಿ ಸಿಕ್ಕ ಪಿಂಚಣಿ

"ಮೇಡಂ, ಯಾವುದಾದ್ರೂ ಒಂದು ವೃದ್ಧಾಶ್ರಮದ ನಂಬರ್ ಕೊಡಿ, ಅಷ್ಟು ಸಾಕು."

ಆಪ್ತಸಲಹೆಗೆಂದು ನನ್ನ ಬಳಿ ಬಂದು, ಕುರ್ಚಿಯ ತುದಿಯಲ್ಲಿ ಕೂತು ಇಷ್ಟು ಹೇಳಿದವಳು ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುವ 38 ವರ್ಷದ ಹೆಣ್ಣುಮಗಳು. ಯಾರಿಗೆ ಎಂದು ಕೇಳಿದೆ. ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ. ವಯಸ್ಸು 71. ಮಕ್ಕಳಿಲ್ಲ, ಗಂಡ ತೀರಿಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ. ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಂಡರಂತೆ. ಎರಡು ವಾರದಿಂದ ಅಲ್ಲೇ ಮಲಗುತ್ತಿದ್ದರು. ಹತ್ತು ರೂಪಾಯಿ ಸಿಕ್ಕ ದಿನ ಇಂದಿರಾ ಕ್ಯಾಂಟೀನ್ ಊಟ, ಸಿಗದ ದಿನ ನಲ್ಲಿ ನೀರು.

ಇಲ್ಲಿ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಹುಡುಗಿ ಅವರನ್ನು ಮನೆಗೆ ಕರೆದೊಯ್ದಿದ್ದಳು. ಬಾಡಿಗೆ ಮನೆ, ಒಂದೇ ಕೋಣೆ. ಗಂಡ, ಇಬ್ಬರು ಮಕ್ಕಳು, ಅತ್ತೆ ಆಗಲೇ ಇದ್ದಾರೆ. ನಾಲ್ಕನೇ ದಿನಕ್ಕೆ ಗಂಡ ಮಾತು ಬಿಟ್ಟ. ಅತ್ತೆ ಪಾತ್ರೆ ಕುಕ್ಕತೊಡಗಿದರು. "ನಾನು ಪಿಯುಸಿ ಓದಿದ್ದು ದೊಡ್ಡಮ್ಮ ಕಾಫಿ ಹಣ್ಣು ಕುಯ್ದು ಕಳಿಸಿದ ದುಡ್ಡಲ್ಲಿ ಮೇಡಂ. ಈಗ ನಾನೇ ಅವರನ್ನ ಆಚೆ ಹಾಕೋಕೆ ಬಂದಿದೀನಿ" ಎನ್ನುವಾಗ ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಆಶ್ರಮದ ನಂಬರ್ ಕೊಡುವುದು ಸುಲಭವಿತ್ತು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ನಮ್ಮ ರಾಜ್ಯದ್ದು 1090. ಎರಡನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ. ಆದರೆ ಒಂದು ಷರತ್ತು ಹಾಕಿದೆ: ಫೋನ್ ಮಾಡುವ ಮೊದಲು ದೊಡ್ಡಮ್ಮನನ್ನು ಒಮ್ಮೆ ಕರೆದುಕೊಂಡು ಬಾ. ಅವರನ್ನು ಎಲ್ಲಿ ಇಡಬೇಕು ಎಂದು ನಾವಿಬ್ಬರೇ ಕೂತು ತೀರ್ಮಾನಿಸುವುದು ಬೇಡ.

ಮೂರನೇ ದಿನ ಬಂದರು. ಮಡಿಲಲ್ಲಿ ಒಂದು ಬಟ್ಟೆಗಂಟು, ಅದರೊಳಗೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮಡಿಕೆಯಲ್ಲೇ ಹರಿದ ರೇಷನ್ ಕಾರ್ಡಿನ ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಬಿಟ್ಟುಕೊಂಡ ವೋಟರ್ ಕಾರ್ಡು. ಬೀದಿಯಲ್ಲಿ ಮಲಗಿದಾಗಲೂ ತಲೆಯಡಿಗೆ ಇಟ್ಟುಕೊಂಡು ಕಾಪಾಡಿದ್ದು ಆ ಕವರನ್ನೇ. ನಾನು ಮೊದಲು ಕೇಳಿದ್ದು "ನಿಮಗೆ ಏನು ಬೇಕಮ್ಮ?" ಎಂದು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಒಂದು ಒಲೆ. ನಾ ಬೇಯಿಸ್ಕೊಂಡು ಉಣ್ಣೋ ಅಷ್ಟು. ಆಶ್ರಮ ಬ್ಯಾಡ ಕಣವ್ವ" ಎಂದರು.

ಸಕಲೇಶಪುರ ತಾಲ್ಲೂಕಿನಲ್ಲಿ ಗಂಡನ ಪಾಲಿಗೆ ಒಂದೂವರೆ ಎಕರೆ ಇತ್ತು. ಕೆಲವು ವರ್ಷದ ಹಿಂದೆ ಮೈದುನನ ಮಗ "ಕೊನೇವರೆಗೂ ನೋಡ್ಕತೀನಿ" ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದ. ಸ್ವಲ್ಪ ಕಾಲ ನೋಡಿಕೊಂಡದ್ದೂ ನಿಜ. ಆಮೇಲೆ ಹಜಾರದಿಂದ ಜಗಲಿಗೆ, ಜಗಲಿಯಿಂದ ಸೌದೆ ಕೊಟ್ಟಿಗೆಗೆ, ಅಲ್ಲಿಂದ ಬೀದಿಗೆ.

ಪಿಂಚಣಿ? "ಮೊದ್ಲು ಪೋಸ್ಟ್‌ಮ್ಯಾನು ಮನೆಗೇ ತಂದು ಕೊಡ್ತಿದ್ರು. ಆಮೇಲೆ ಅದೇನೋ ಬ್ಯಾಂಕಿಗೆ ಅಂದ್ರು. ನಿಂತೋಯ್ತು."

ಈ ಪ್ರಕರಣ ತಿರುಗಿದ್ದು ಆ "ನಿಂತೋಯ್ತು" ಎಂಬ ಮಾತಿನಲ್ಲಿ. ವಿಧವಾ ವೇತನವಾಗಲಿ, 65 ದಾಟಿದವರಿಗೆ ಸಿಗುವ ಸಂಧ್ಯಾ ಸುರಕ್ಷಾ ಆಗಲಿ, ಮನಿಯಾರ್ಡರಿನಿಂದ ಬ್ಯಾಂಕ್ ಖಾತೆಗೆ ಹೋದಾಗ ಎಷ್ಟೋ ಹಿರಿಯರಿಗೆ ತಮ್ಮ ಖಾತೆ ಯಾವುದು, ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ ಎಂಬುದೇ ತಿಳಿಯದಾಯಿತು. ಹಾಗಾಗಿ ಹೊಸ ಅರ್ಜಿ ಬರೆಯುವ ಮೊದಲು ಹಳೆಯದು ಬರುತ್ತಿದೆಯೇ ಎಂದು ನೋಡಲೇಬೇಕು. ನನ್ನ ಮೊದಲ ಸಲಹೆ ಇದೇ ಆಗಿತ್ತು: ಯಾರನ್ನೂ ಬೇಡುವುದಕ್ಕೆ ಮುಂಚೆ ಅವರದೇ ಏನಿದೆ ಹುಡುಕೋಣ.

ಅದಕ್ಕೆ ಆಧಾರ್ ಬೇಕು. ಕಾರ್ಡು ಮೈದುನನ ಮಗನ ಹತ್ತಿರ, ನಂಬರ್ ಇವರಿಗೆ ನೆನಪಿಲ್ಲ. ಕಾರ್ಡ್ ಕಳೆದವರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರ್ ಪಡೆಯಬಹುದು ಎಂದು ಕಳಿಸಿದೆ. ಬೆರಳು ಹಿಡಿಯಲಿಲ್ಲ. ವರ್ಷಗಟ್ಟಲೆ ಹಣ್ಣು ಕುಯ್ದು, ಕಣದಲ್ಲಿ ಬೀಜ ಕೆದಕಿದ ಕೈ ಅದು, ತುದಿಯ ಗೆರೆಗಳೇ ಸವೆದುಹೋಗಿವೆ. ಹುಡುಗಿ ಅಳುತ್ತಾ ಫೋನ್ ಮಾಡಿದಳು. ಕಣ್ಣಿನ ಪಾಪೆ ತೆಗೆದುಕೊಳ್ಳಲು ಹೇಳು ಎಂದೆ. ಅದು ಒಪ್ಪಿತು.

ಬ್ಯಾಂಕಿಗೆ ಅವರ ಜೊತೆ ನಾನೂ ಹೋದೆ. ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ಆ ದಿನ ಹೋಗಬೇಕು ಅನ್ನಿಸಿತು. ಆಧಾರ್‌ಗೆ ಜೋಡಿಸಿದ ಖಾತೆ ಇತ್ತು. ಹೊಸ ಪಾಸ್‌ಬುಕ್ಕನ್ನು ಪ್ರಿಂಟರಿಗೆ ಹಾಕಿದರು. ಒಂದು ಸಾಲು 1,200 ಜಮೆ, ಅದರ ಕೆಳಗೆ ಎಟಿಎಂನಲ್ಲಿ 1,200 ತೆಗೆದದ್ದು. ಮತ್ತೆ ಜಮೆ, ಮತ್ತೆ ತೆಗೆದದ್ದು. ಪುಟ ತಿರುಗಿಸಿದರೂ ಅದೇ. ಉಳಿಕೆ 214 ರೂಪಾಯಿ. ದೊಡ್ಡಮ್ಮನಿಗೆ ಓದಲು ಬಾರದು. ಹುಡುಗಿ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿ ಹೇಳಿದಳು. ಅವರು ಸಿಟ್ಟಾಗಲಿಲ್ಲ. "ಅಂಗಾರೆ ಸರ್ಕಾರ ನನ್ನ ಮರ್ತಿರ್ಲಿಲ್ಲ" ಎಂದರು.

ಅಲ್ಲೇ ಕೂತು ಹಳೆಯ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ, ಖಾತೆಯಲ್ಲಿದ್ದ ಮೈದುನನ ಮಗನ ಮೊಬೈಲ್ ನಂಬರ್ ತೆಗೆಸಿದೆವು. ಹೊಸ ಕಾರ್ಡ್ ಬೇಡ, ಪಾಸ್‌ಬುಕ್ ಮಾತ್ರ ಸಾಕು ಎಂದು ದೊಡ್ಡಮ್ಮ ಹೇಳಿದ್ದು ನನಗೂ ಸರಿ ಕಂಡಿತು. ಪಾಸ್‌ಬುಕ್ ಅವರ ಗಂಟಿನಲ್ಲೇ ಇರಬೇಕು, ನಿನ್ನ ಬೀರುವಿನಲ್ಲಿ ಅಲ್ಲ ಎಂದು ಹುಡುಗಿಗೆ ಹೇಳಿದೆ. ಅವಳ ಮೇಲೆ ಸಂಶಯವಿತ್ತು ಅಂತಲ್ಲ. ಮತ್ತೊಬ್ಬರ ಕೈಗೆ ಹೋದ ಜೀವನ ವಾಪಸ್ ಅವರ ಕೈಗೇ ಬರಬೇಕಿತ್ತು. ವಿಳಾಸ ಬದಲಾದದ್ದನ್ನು ನಾಡಕಚೇರಿಯಲ್ಲಿ ಬರೆಸುವುದೂ ಮುಖ್ಯ. ಪರಿಶೀಲನೆಗೆ ಬಂದವರು "ಊರಲ್ಲಿಲ್ಲ" ಎಂದು ಬರೆದರೆ ಬರುತ್ತಿರುವ ಪಿಂಚಣಿಗೂ ಕುತ್ತು.

1,200ರಲ್ಲಿ ಬಾಡಿಗೆ ಕಟ್ಟಿ ಉಣ್ಣಲಾಗದು. ಆದ್ದರಿಂದ ಎರಡನೇ ದಾರಿ, ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ. ಹೆತ್ತ ಮಕ್ಕಳಿದ್ದರೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರನೂ ಅದರಡಿ ಜೀವನಾಂಶ ಕೊಡಬೇಕು. ಮೈದುನನ ಮಗ ಈ ಮಾತಿಗೆ ಪೂರ್ತಿ ಹೊಂದುತ್ತಾನೆ. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಹಿರಿಯರು ಈಗ ಎಲ್ಲಿದ್ದಾರೋ ಅಲ್ಲೇ ಹಾಕಬಹುದು, ಸಕಲೇಶಪುರಕ್ಕೆ ಅಲೆಯಬೇಕಿಲ್ಲ. ವಕೀಲರನ್ನು ಇಡಬೇಕಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಕಾಯ್ದೆಯಲ್ಲಿದೆ, ನೋಟಿಸ್ ಕೊಟ್ಟ 90 ದಿನದೊಳಗೆ ಮುಗಿಸಬೇಕೆಂಬ ಮಾತೂ ಇದೆ. ಅರ್ಜಿ ಬರೆಯಲು ನೆರವಿಗೆ ಹಾಸನದ ನ್ಯಾಯಾಲಯ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ.

ಬರೆದುಕೊಟ್ಟ ಜಮೀನನ್ನೂ ಕೇಳಬಹುದಿತ್ತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದುಪಡಿಸಲು ಅದೇ ಕಾಯ್ದೆಯ 23ನೇ ಕಲಮು ಅವಕಾಶ ಕೊಡುತ್ತದೆ. ಪತ್ರದ ನಕಲು ತೆಗೆಸಿ, ಅದರಲ್ಲಿ ಷರತ್ತು ಬರೆದಿದೆಯೇ ಎಂದು ಮೊದಲು ನೋಡಬೇಕು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. 2025ರ ಜನವರಿಯ ತೀರ್ಪು, ಹಿರಿಯರ ಪರವಾಗಿ ಉದಾರವಾಗಿ ಈ ಕಾಯ್ದೆಯನ್ನು ಓದಬೇಕು ಎಂದಿದೆ. ಕೇಳಿ ನೋಡಿ ಎಂದು ನಾನು ಒತ್ತಿ ಹೇಳಿದೆ. ದೊಡ್ಡಮ್ಮ ಒಪ್ಪಲಿಲ್ಲ. "ಭೂಮಿ ಅವನೇ ಇಟ್ಕಳ್ಳಿ, ಅನ್ನ ಕೊಡ್ಲಿ." ಇದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ತೀರ್ಮಾನ ಅವರದು.

ಜೀವನಾಂಶದ ಅರ್ಜಿಯ ಮೇಲೆ ನ್ಯಾಯಮಂಡಳಿ ಕರೆದಾಗ, ಎರಡನೇ ಕರೆಗೆ ಮೈದುನನ ಮಗ ಬಂದ. ಸಂಧಾನದಲ್ಲಿ ತಿಂಗಳಿಗೆ 3,000 ರೂಪಾಯಿ ಅವರ ಖಾತೆಗೇ ಹಾಕಲು ಒಪ್ಪಿ ಸಹಿ ಮಾಡಿದ. ಹಾಕದಿದ್ದರೆ ಅದೇ ನ್ಯಾಯಮಂಡಳಿಗೆ ಹೋಗಿ ವಸೂಲಿ ಕೇಳಬಹುದು, ಅದಕ್ಕಾಗಿ ಪ್ರತಿ ತಿಂಗಳೂ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಎಂದಿದ್ದೇನೆ.

ಇಷ್ಟೆಲ್ಲ ಆಗುವವರೆಗೆ ದೊಡ್ಡಮ್ಮ ಆ ಒಂದು ಕೋಣೆಯ ಮನೆಯಲ್ಲೇ ಇರಬೇಕಿತ್ತಲ್ಲ. ನಿಜವಾದ ಆಪ್ತಸಲಹೆ ನಡೆದದ್ದು ಅದರ ಸುತ್ತ. "ಎಷ್ಟು ದಿನ ಅಂತ ಗಂಡನಿಗೆ ಹೇಳಿದ್ದೀಯಾ?" ಎಂದು ಕೇಳಿದೆ. ಹೇಳಿರಲಿಲ್ಲ. ಅವನ ಕಿವಿಗೆ ಅದು "ಸಾಯೋವರೆಗೆ" ಎಂದೇ ಕೇಳಿಸಿರಬೇಕು. ತಾರೀಖು ಹೇಳು, ಕೈಯಿಂದ ಎಷ್ಟು ಖರ್ಚು ಮಾಡಬಲ್ಲೆ ಎಂದು ಬಾಯಿಬಿಟ್ಟು ಹೇಳು ಎಂದೆ. ಮೂರು ತಿಂಗಳು, ತಿಂಗಳಿಗೆ 700 ರೂಪಾಯಿ ಎಂದು ಅವಳು ಹೇಳಿದ ಮೇಲೆ ಗಂಡ ಮಾತಾಡಿದ. ಅದೇ ಬೀದಿಯ ಕೊನೆಯ ಮನೆಯ ಹಿಂಭಾಗದಲ್ಲಿ 1,500 ರೂಪಾಯಿ ಬಾಡಿಗೆಯ ಶೀಟಿನ ಕೋಣೆ ಹುಡುಕಿದವನೂ ಅವನೇ.

ಒಂದು ಕೆಲಸ ಬಾಕಿ ಇದೆ. ದೊಡ್ಡಮ್ಮನ ಹೆಸರು ಇನ್ನೂ ಮೈದುನನ ಮಗನ ರೇಷನ್ ಕಾರ್ಡಿನಲ್ಲಿದೆ. ಅಲ್ಲಿಂದ ತೆಗೆಸಿ ಅವರದೇ ಕಾರ್ಡಾದರೆ ಅಕ್ಕಿಯೂ ಬರುತ್ತದೆ, ಮನೆಯ ಯಜಮಾನಿ ಎಂದು ಗೃಹಲಕ್ಷ್ಮಿಯ 2,000 ರೂಪಾಯಿಗೂ ಅರ್ಜಿ ಹಾಕಬಹುದು. ಹೆಸರು ತೆಗೆಸಲು ಕೊಟ್ಟಾಗಿದೆ. ಹೊಸ ಕಾರ್ಡಿನ ಅರ್ಜಿ ತೆಗೆದುಕೊಳ್ಳುವುದನ್ನು ಶುರು ಮಾಡಿದರೇ ಎಂದು ಹುಡುಗಿ ಪ್ರತಿ ಸೋಮವಾರ ವಿಚಾರಿಸಿ ಬರುತ್ತಾಳೆ.

ಕಳೆದ ಭೇಟಿಯಲ್ಲಿ ಅವಳು ಒಬ್ಬಳೇ ಬಂದಿದ್ದಳು. ದೊಡ್ಡಮ್ಮ ಮುದ್ದೆ ಮಾಡಿ ಮಕ್ಕಳನ್ನು ಕರೆಯುತ್ತಾರಂತೆ. ಹೊರಡುವಾಗ, ರಾತ್ರಿ ತನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ, ಬೆಂಚಿನ ಮೇಲೆ ಮುದುರಿ ಮಲಗಿದ್ದ ದೊಡ್ಡಮ್ಮ ಈಗಲೂ ಕಣ್ಣಿಗೆ ಬರುತ್ತಾರೆ ಎಂದಳು. ಮುಂದಿನ ಗುರುವಾರ ಸಂಜೆ ಶಿಫ್ಟ್ ಮುಗಿದ ಮೇಲೆ ಬಾ ಎಂದಿದ್ದೇನೆ, ಈ ಸಲ ನಿನಗಾಗಿಯೇ.