ರಾತ್ರಿ ಬಂಡೆ ಏರಿಕೆಯ ಚಿತ್ರ: ಹತ್ತುವವರನ್ನು ಮತ್ತೆ ಮತ್ತೆ ಹತ್ತಿಸಬೇಡಿ

ಉಡುಪಿಯ ಮಿತ್ರರು ನಿನ್ನೆ ಗುಂಪಿನಲ್ಲಿ ಹಾಕಿದ ಬಾದಾಮಿಯ ಚಿತ್ರವನ್ನೂ ಅದರ ಕೆಳಗೆ ಬರೆದ ಪ್ರಶ್ನೆಯನ್ನೂ ನೋಡಿದೆ. ಶಟರನ್ನು ಬಹಳ ಹೊತ್ತು ತೆರೆದಿಟ್ಟು, ರಾತ್ರಿ ಬಂಡೆ ಹತ್ತುವ ಗೆಳೆಯನ ತಲೆಯ ದೀಪ ಸಾಗಿದ ದಾರಿಯನ್ನು ಬೆಳಕಿನ ಗೆರೆಯಾಗಿ ಮೂಡಿಸಲು ಹೊರಟ ಚಿತ್ರವದು. ಹೆಡ್‌ಲ್ಯಾಂಪಿನ ಬೆಳಕಿನ ಗೆರೆ ನಡುನಡುವೆ ಕಡಿದುಹೋಗಿದೆ, ನಾಲ್ಕು ಕಡೆ ಬಿಳಿಯ ಮುದ್ದೆ ಕಟ್ಟಿದೆ, ಬಂಡೆ ಕಪ್ಪಾಗಿಯೇ ಉಳಿದಿದೆ. ಗೆಳೆಯನನ್ನು ಮೂರು ಸಲ ಹತ್ತಿಸಿದರೂ ಫಲ ಇಷ್ಟೇ ಆದ್ದರಿಂದ ಹೊಸ ಫುಲ್‌ಫ್ರೇಮ್ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಳ್ಳಬೇಡಿ. ಈ ಮೂರು ದೋಷಗಳಲ್ಲಿ ಒಂದೂ ನಿಮ್ಮ ಕ್ಯಾಮೆರಾದ್ದಲ್ಲ. ಕ್ಯಾಮೆರಾದ ಮಾತಿಗಿಂತ ಆ ‘ಮೂರು ಸಲ’ ಎಂಬ ಮಾತು ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿತು. ಇಷ್ಟು ಉದ್ದದ ಉತ್ತರ ಬರೆಯಲು ಅದೇ ಕಾರಣ.

ಮೊದಲು ಗೆರೆ ಕಡಿದುಹೋದ ವಿಚಾರ. ಬೆಳಕು ಇರುವ ಭಾಗ ಮತ್ತು ಇಲ್ಲದ ಭಾಗ ನಿಮ್ಮ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿವೆ. ಮೆನುವಿನಲ್ಲಿರುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಚಾಲೂ ಇತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದು ಚಾಲೂ ಇದ್ದರೆ ಎರಡು ನಿಮಿಷದ ಫ್ರೇಮ್ ಮುಗಿದೊಡನೆ ಕ್ಯಾಮೆರಾ ಶಟರ್ ಮುಚ್ಚಿಕೊಂಡು ಇನ್ನೆರಡು ನಿಮಿಷ ಬರೀ ಕತ್ತಲೆಯ ಫ್ರೇಮ್ ತೆಗೆಯುತ್ತದೆ, ಅದರಲ್ಲಿ ಕಂಡ ಬಿಸಿ ಪಿಕ್ಸೆಲ್‌ಗಳನ್ನು (ಬೆಳಕಿಲ್ಲದೆಯೂ ಹೊಳೆಯುವ ಚುಕ್ಕಿಗಳನ್ನು) ಮೊದಲಿನ ಫ್ರೇಮಿನಿಂದ ಕಳೆಯುತ್ತದೆ. ಆ ಎರಡು ನಿಮಿಷ ನಿಮ್ಮ ಗೆಳೆಯ ಹತ್ತುತ್ತಲೇ ಇದ್ದರು, ಕ್ಯಾಮೆರಾ ನೋಡುತ್ತಿರಲಿಲ್ಲ.

ಆರು ವರ್ಷಗಳ ಹಿಂದೆ ನಾನು ಮಾಡಿದ್ದೂ ಇದನ್ನೇ, ಬಾದಾಮಿಯ ಹೊರವಲಯದ ಅಂಥದೇ ಒಂದು ಮರಳುಗಲ್ಲಿನ ಗೋಡೆಯಲ್ಲಿ. ಮಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಹೋಗಿದ್ದೆವು. ನನ್ನ ಗೆಳೆಯರೊಬ್ಬರು ಹಗಲು ಪೂರ್ತಿ ಹತ್ತಿ ದಣಿದಿದ್ದರೂ ಚಿತ್ರಕ್ಕಾಗಿ ರಾತ್ರಿ ಒಂಬತ್ತರ ಮೇಲೆ ಟಾಪ್ ರೋಪಿನಲ್ಲಿ (ಮೇಲಿನ ಆಧಾರದಿಂದ ಇಳಿಬಿಟ್ಟ ಹಗ್ಗದಲ್ಲಿ) ಇನ್ನೊಮ್ಮೆ ಹತ್ತಲು ಒಪ್ಪಿದರು. ಮೊದಲ ಏರಿಕೆ ಮುಗಿದಾಗ ನನ್ನ ಬಳಿ ಅರ್ಧ ಗೆರೆ ಇತ್ತು. ಕಾರಣ ಹುಡುಕುವ ಬದಲು ‘ಇನ್ನೊಂದು ಸಲ ಅಣ್ಣ’ ಎಂದೆ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಮೇಲಿನ ಅಂಚಿಗೆ ಎರಡು ಮೀಟರ್ ಇರುವಾಗ ಅವರ ಬೆರಳುಗಳು ಸೋತು ಕೈ ಜಾರಿತು. ಕೆಳಗೆ ಹಗ್ಗ ಹಿಡಿದು ಕಾಯುವ ಬಿಲೇಯರ್ ಎಚ್ಚರವಾಗಿದ್ದರು, ಹಗ್ಗ ಹಿಡಿಯಿತು. ಆದರೆ ಅವರು ತೂಗಿಕೊಂಡು ಬಂದು ಬದಿಯ ಚಾಚುಗಲ್ಲಿಗೆ ಬಡಿದರು, ಮೊಣಕೈಯ ಚರ್ಮ ಸುಲಿದುಹೋಯಿತು. ಕೆಳಗಿಳಿದ ಮೇಲೆ ಅವರು ಕೇಳಿದ ಮೊದಲ ಮಾತು ‘ಚಿತ್ರ ಸಿಕ್ಕಿತಾ?’ ಎಂದು. ಸಿಕ್ಕಿರಲಿಲ್ಲ. ಮೆನುವಿನ ಒಂದು ಗುಂಡಿ ಒತ್ತಿದ್ದರೆ ಮೊದಲ ಏರಿಕೆಯಲ್ಲೇ ಮುಗಿಯುತ್ತಿದ್ದ ಕೆಲಸವದು. ಅಂದಿನಿಂದ ರಾತ್ರಿಯ ಚಿತ್ರಕ್ಕೆ ಯಾರನ್ನೂ ಎರಡನೆಯ ಸಲ ಹತ್ತಿಸಿಲ್ಲ, ಹತ್ತಿಸುವುದೂ ಇಲ್ಲ.

ಹಾಗಾಗಿ ಆ ನಾಯ್ಸ್ ರಿಡಕ್ಷನ್ ಬಂದ್ ಮಾಡಿ. ಬಿಸಿ ಪಿಕ್ಸೆಲ್‌ಗಳ ಚಿಂತೆ ಇದ್ದರೆ ಎಲ್ಲ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಮತ್ತು ಅದೇ ಅವಧಿಯಲ್ಲಿ ಎರಡು ಮೂರು ಕತ್ತಲೆಯ ಫ್ರೇಮ್ ತೆಗೆದುಕೊಳ್ಳಿ, ಮನೆಯಲ್ಲಿ ಕಳೆಯಬಹುದು. ನಮ್ಮ ಕರಾವಳಿಯ ಸೆಕೆಯ ರಾತ್ರಿಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಬೇಗ ಬಿಸಿಯಾಗುವುದರಿಂದ ಇದು ಬೇಕಾಗುತ್ತದೆ. ಬಾದಾಮಿಯ ಡಿಸೆಂಬರ್ ಚಳಿಯಲ್ಲಿ ನನಗೆ ಬೇಕಾದದ್ದಿಲ್ಲ.

ಇನ್ನು ಬಿಳಿಯ ಮುದ್ದೆ ಮತ್ತು ಕಪ್ಪು ಬಂಡೆ. ಇವೆರಡೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಬಂಡೆ ನಿಂತಲ್ಲೇ ನಿಂತಿರುವುದರಿಂದ ಶಟರ್ ತೆರೆದಷ್ಟು ಹೊತ್ತೂ ಅದರ ಬೆಳಕು ಸೆನ್ಸರಿನ ಒಂದೇ ಜಾಗದಲ್ಲಿ ಕೂಡುತ್ತಾ ಹೋಗುತ್ತದೆ. ಚಲಿಸುವ ದೀಪ ಹಾಗಲ್ಲ. ಅದು ಒಂದೊಂದು ಜಾಗದಲ್ಲಿ ಕ್ಷಣಮಾತ್ರ ಇರುತ್ತದೆ. ಆದ್ದರಿಂದ ಗೆರೆಯ ಕಾಂತಿಯನ್ನು ನಿರ್ಧರಿಸುವುದು ಅಪರ್ಚರ್ (ಲೆನ್ಸಿನ ಕಂಡಿಯ ಅಗಲ), ಐಎಸ್‌ಒ, ದೀಪದ ತೀವ್ರತೆ ಮತ್ತು ಹತ್ತುವವರ ವೇಗ, ಒಟ್ಟು ಅವಧಿಯಲ್ಲ. ನೀವು ಬಂಡೆ ಕಾಣಲಿ ಎಂದು ಐಎಸ್‌ಒ ಏರಿಸಿದಿರಿ, ಚಿತ್ರದಲ್ಲಿ ದೀಪ ಬಣ್ಣವಿಲ್ಲದೆ ಬರೀ ಬಿಳಿಯಾಯಿತು. ಹತ್ತುವವರು ಎಲ್ಲೆಲ್ಲಿ ದಣಿವಾರಿಸಿಕೊಳ್ಳಲು, ಕೈಗೆ ಚಾಕ್ ಪುಡಿ ಹಚ್ಚಿಕೊಳ್ಳಲು ನಿಂತರೋ ಅಲ್ಲಲ್ಲಿ ದೀಪವೂ ನಿಂತಿತು, ಮುದ್ದೆಯಾಯಿತು. ಅಷ್ಟೂ ಫ್ರೇಮ್‌ಗಳನ್ನು ಸ್ಟಾರ್‌ಸ್ಟ್ಯಾಕ್ಸ್ ತಂತ್ರಾಂಶದಲ್ಲಿ ಸೇರಿಸಿದರೂ ಬಂಡೆ ಏಕೆ ಬೆಳಗಲಿಲ್ಲ ಎಂದು ಕೇಳಿದ್ದೀರಿ. ಅದರ ಲೈಟನ್ ವಿಧಾನ ಬೆಳಕನ್ನು ಕೂಡಿಸುವುದಿಲ್ಲ. ಒಂದೊಂದು ಪಿಕ್ಸೆಲ್‌ಗೂ ಎಲ್ಲ ಫ್ರೇಮ್‌ಗಳಲ್ಲಿ ಯಾವುದು ಹೆಚ್ಚು ಬೆಳಗಿದೆಯೋ ಅದನ್ನು ಮಾತ್ರ ಆರಿಸಿಕೊಳ್ಳುತ್ತದೆ. ನಲವತ್ತು ಕಪ್ಪು ಬಂಡೆಗಳನ್ನು ಹಾಗೆ ಸೇರಿಸಿದರೆ ಕಪ್ಪು ಬಂಡೆಯೇ ಬರುತ್ತದೆ.

ಹಾಗಾಗಿ ನಾನು ಕೆಲಸವನ್ನು ಎರಡಾಗಿ ಒಡೆಯುತ್ತೇನೆ. ಯಾರೂ ಹತ್ತುವ ಮೊದಲೇ, ಎಲ್ಲ ದೀಪ ಆರಿಸಿ, ಹುಣ್ಣಿಮೆಯ ಆಸುಪಾಸಿನ ಬೆಳದಿಂಗಳಲ್ಲಿ ಬಂಡೆಯದೊಂದು ಫ್ರೇಮ್: ಅಪರ್ಚರ್ ಎಫ್ 5.6, ಐಎಸ್‌ಒ 400, ಒಂದು ನಿಮಿಷ. ಆಮೇಲೆ ಟ್ರೈಪಾಡನ್ನು ಕೂದಲೆಳೆಯಷ್ಟೂ ಅಲುಗಿಸದೆ ಐಎಸ್‌ಒ 100ಕ್ಕೆ ಇಳಿಸಿ, ಅಪರ್ಚರನ್ನು ಹಾಗೆಯೇ ಬಿಟ್ಟು, 30 ಸೆಕೆಂಡಿನ ಫ್ರೇಮ್‌ಗಳನ್ನು ಏರಿಕೆ ಮುಗಿಯುವವರೆಗೂ ಎಡೆಬಿಡದೆ ತೆಗೆಯುವುದು. ಕಂಟಿನ್ಯುಯಸ್ ಮೋಡಿನಲ್ಲಿಟ್ಟು ಕೇಬಲ್ ರಿಲೀಸಿನ (ತಂತಿಯ ರಿಮೋಟಿನ) ಗುಂಡಿಯನ್ನು ಲಾಕ್ ಮಾಡಿದರೆ ಎರಡು ಫ್ರೇಮ್‌ಗಳ ನಡುವಿನ ಅಂತರ ಕಾಣದಷ್ಟು ಸಣ್ಣದಾಗುತ್ತದೆ. ಇಪ್ಪತ್ತು ನಿಮಿಷದ ಏರಿಕೆಗೆ ನಲವತ್ತು ಫ್ರೇಮ್ ಆಯಿತು. ಇವನ್ನು ಬಂಡೆಯ ಫ್ರೇಮಿನ ಜೊತೆ ಲೈಟನ್ ವಿಧಾನದಲ್ಲಿ ಸೇರಿಸಿದರೆ ಚಿತ್ರ ಸಿದ್ಧ. ಹತ್ತುವವರು ಒಂದೆಡೆ ಬಹಳ ಹೊತ್ತು ನಿಂತರೆ ಆ ಒಂದೆರಡು ಫ್ರೇಮ್‌ಗಳ ಮುದ್ದೆಯನ್ನು ಮಾಸ್ಕ್ ಹಾಕಿ (ಆ ಭಾಗವನ್ನಷ್ಟೇ ಮರೆಮಾಡಿ) ತೆಗೆದರಾಯಿತು. ಇಪ್ಪತ್ತು ನಿಮಿಷದ ಒಂದೇ ಫ್ರೇಮಿನಲ್ಲಿ ಆ ಅವಕಾಶವಿಲ್ಲ.

ಈ ಅಂಕಿಗಳನ್ನು ವೇದವಾಕ್ಯವೆಂದು ತಿಳಿಯಬೇಡಿ. ಚಂದ್ರ ಅರ್ಧ ಇದ್ದರೆ ಬೆಳಕೂ ಅರ್ಧ ಇರುತ್ತದೆಂದು ಬಹಳ ಮಂದಿ ಭಾವಿಸುತ್ತಾರೆ. ನಿಜದಲ್ಲಿ ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಬೆಳಕಿನ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಅಂಥ ರಾತ್ರಿ ಬಂಡೆಯ ಫ್ರೇಮಿಗೆ ಹತ್ತು ನಿಮಿಷ ಬೇಕಾಗುತ್ತದೆ, ಅಷ್ಟರಲ್ಲಿ ನಕ್ಷತ್ರಗಳು ಎರಡೂವರೆ ಡಿಗ್ರಿ ಸರಿದಿರುತ್ತವೆ. ನಕ್ಷತ್ರಗಳ ವರ್ತುಲವೇ ಬೇಕೆನ್ನುವವರು ನೆನಪಿಡಬೇಕಾದ ಮಾತೆಂದರೆ, ಆ ವರ್ತುಲದ ಕೇಂದ್ರದಲ್ಲಿರುವ ಧ್ರುವನಕ್ಷತ್ರ ಮಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬಾದಾಮಿಯಲ್ಲಿ ಸುಮಾರು 16 ಡಿಗ್ರಿ ಎತ್ತರದಲ್ಲಷ್ಟೇ ಇದೆ. ಉತ್ತರಕ್ಕಿರುವ ಎತ್ತರದ ಗೋಡೆಯ ಬುಡದಲ್ಲಿ ಕ್ಯಾಮೆರಾ ಇಟ್ಟರೆ ವರ್ತುಲದ ಕೇಂದ್ರ ಬಂಡೆಯ ಹಿಂದೆ ಅಡಗಿಹೋಗುತ್ತದೆ.

ಇನ್ನು ಅಭ್ಯಾಸದ ವಿಚಾರ. ಈ ಒಂದು ಮಾತನ್ನಾದರೂ ಕೇಳಿ. ಬಂಡೆಯ ಬುಡಕ್ಕೆ ಹೋಗುವ ಮೊದಲು ಎಲ್ಲವನ್ನೂ ಮನೆಯಂಗಳದಲ್ಲಿ ಕಲಿಯಲು ಸಾಧ್ಯವಿದೆ. ನಾನು ಬಾವಿಯ ಹಳೆಯ ರಾಟೆಯೊಂದನ್ನು ಮನೆಯ ತಾರಸಿಯ ಮೇಲಿನ ಕಬ್ಬಿಣದ ಕಂಬಕ್ಕೆ ಕಟ್ಟಿ, ಅದರ ಮೇಲೆ ತೆಳು ಹಗ್ಗ ಹಾಯಿಸಿ, ತುದಿಗೆ ಹೆಡ್‌ಲ್ಯಾಂಪ್ ಕಟ್ಟಿ, ಮಗಳಿಂದ ನಿಧಾನವಾಗಿ ಎಳೆಯಿಸುತ್ತೇನೆ. ಅವಳಿಗೆ ಹೇಳುವುದಿಷ್ಟು: ಒಂದು ಮೊಳ ಎಳೆ, ಐದು ಎಣಿಸು, ಮತ್ತೊಂದು ಮೊಳ ಎಳೆ, ನಡುವೆ ಒಮ್ಮೆ ಒಂದು ನಿಮಿಷ ಪೂರ್ತಿ ನಿಲ್ಲಿಸು. ಬಂಡೆಯಲ್ಲಿ ಮನುಷ್ಯರು ಏರುವ ಲಯವೂ ಹೆಚ್ಚುಕಡಿಮೆ ಇದೇ. ದೀಪದ ಯಾವ ಮಟ್ಟಕ್ಕೆ ಯಾವ ಅಪರ್ಚರಿನಲ್ಲಿ ಗೆರೆ ಬಣ್ಣ ಕಳೆದುಕೊಳ್ಳದೆ ಉಳಿಯುತ್ತದೆ, ಒಂದು ನಿಮಿಷ ನಿಂತರೆ ಮುದ್ದೆ ಎಷ್ಟು ದಪ್ಪವಾಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೇಬಲ್ ರಿಲೀಸ್ ನಡುವೆ ಕೈಕೊಡುತ್ತದೆಯೇ ಎಂಬುದೆಲ್ಲ ಮೂರು ಸಂಜೆಗಳಲ್ಲಿ ತಿಳಿಯುತ್ತದೆ. ಮನೆಯ ಗೋಡೆಗೆ ಸುಣ್ಣ ಬಳಿದಿದ್ದರೆ ಅದು ಬಂಡೆಗಿಂತ ಬಹಳ ಹೆಚ್ಚು ಬೆಳಕನ್ನು ಹಿಂತಿರುಗಿಸುತ್ತದೆ. ಬಣ್ಣ ಬಳಿಯದ ಮುರಕಲ್ಲಿನ ಗೋಡೆ ಇದ್ದವರು ಅದರ ಮುಂದೆಯೇ ಅಭ್ಯಾಸ ಮಾಡಿ, ಬಾದಾಮಿಯ ಕೆಂಪು ಕಲ್ಲಿಗೆ ಅದು ಹತ್ತಿರವಾಗುತ್ತದೆ. ಹಗ್ಗಕ್ಕೆ ಕಟ್ಟಿದ ದೀಪ ತಿರುಗುತ್ತದೆ ಎಂದು ಒಬ್ಬರು ದೂರಿದ್ದರು. ದೀಪವನ್ನು ಒಂದು ಅಡ್ಡ ಕೋಲಿಗೆ ಬಿಗಿದು, ಕೋಲಿನ ಎರಡೂ ತುದಿಗಳಿಂದ ಹಗ್ಗ ಎತ್ತಿಕೊಂಡರೆ ತಿರುಗುವುದಿಲ್ಲ. ಅಡಿಕೆ ಮರ ಹತ್ತುವವರಿಗೆ ದೀಪ ಕಟ್ಟಿ ಕತ್ತಲಲ್ಲಿ ಹತ್ತಿಸುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಹಗ್ಗ ಮತ್ತು ರಾಟೆ ಇರುವಾಗ ಮನುಷ್ಯರನ್ನು ಪ್ರಯೋಗಕ್ಕೆ ಒಡ್ಡಬಾರದು.

ದೀಪವನ್ನು ಎಲ್ಲಿ ಕಟ್ಟಬೇಕೆಂಬುದೂ ಅಂಗಳದಲ್ಲೇ ಗೊತ್ತಾಗುತ್ತದೆ. ಹತ್ತುವವರ ಮುಖ ಬಂಡೆಯ ಕಡೆಗಿರುವುದರಿಂದ ಅವರ ಹೆಡ್‌ಲ್ಯಾಂಪ್ ನೇರ ಹಿಂದಿನಿಂದ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ; ಕಾಣುವುದು ಬಂಡೆಯ ಮೇಲೆ ಅದು ಚೆಲ್ಲಿದ ಬೆಳಕಿನ ಹೊಂಡ. ಅವರು ಹಿಂತಿರುಗಿ ಕೆಳಗೆ ನೋಡಿದಾಗ ಮಾತ್ರ ದೀಪ ಕಣ್ಣು ಕುಕ್ಕುತ್ತದೆ. ನಿಮ್ಮ ಚಿತ್ರದ ಮೇಲ್ಭಾಗದ ದೊಡ್ಡ ಮುದ್ದೆ ಹಾಗೆ ಬಂದದ್ದು. ನಾನು ಹಾರ್ನೆಸಿನ (ಹತ್ತುವವರು ಸೊಂಟಕ್ಕೆ ಕಟ್ಟುವ ಸುರಕ್ಷಾ ಪಟ್ಟಿಯ) ಹಿಂಬದಿಯ ಗೇರ್ ಲೂಪಿಗೆ ಸಣ್ಣದೊಂದು ಎಲ್‌ಇಡಿ ದೀಪ ಸಿಕ್ಕಿಸುತ್ತೇನೆ, ಗೆರೆ ಅದರಿಂದ ಬರುತ್ತದೆ. ತಲೆಯ ದೀಪ ಹತ್ತುವವರ ಕೆಲಸಕ್ಕೆ, ಅದರ ತಂಟೆಗೆ ಹೋಗುವುದಿಲ್ಲ. ಅಗ್ಗದ ಕೆಲವು ದೀಪಗಳು ಮಂದ ಮಟ್ಟದಲ್ಲಿ ಅತಿ ವೇಗವಾಗಿ ಹತ್ತಿ ಆರುತ್ತಾ ಬೆಳಕನ್ನು ಕಡಿಮೆ ಮಾಡುತ್ತವೆ. ಕಣ್ಣಿಗೆ ಅದು ಕಾಣದು, ಆದರೆ ದೀಪ ಸರಸರನೆ ಸರಿದಲ್ಲಿ ಗೆರೆ ಚುಕ್ಕಿಚುಕ್ಕಿಯಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ದೀಪವನ್ನು ಮೊಬೈಲ್ ಕ್ಯಾಮೆರಾದ ಮುಂದೆ ಬೀಸಿ ನೋಡಿ. ತಲೆಯ ದೀಪಕ್ಕೆ ನಾನು ಪೆಟ್ಜಲ್ ಆಕ್ಟಿಕ್ ಕೋರ್ ಬಿಟ್ಟು ಬೇರೆ ಹುಡುಕುವುದನ್ನು ನಿಲ್ಲಿಸಿದ್ದೇನೆ. ಅದರಲ್ಲಿ ಕೆಂಪು ಬೆಳಕಿದೆ, ಚಾರ್ಜ್ ಮುಗಿದರೆ ಮೂರು ಎಎಎ ಸೆಲ್ ಹಾಕಿಯೂ ನಡೆಸಬಹುದು. ಬೆಲೆ ಹೆಚ್ಚು ಎನ್ನುವವರಿಗೆ ನನ್ನ ಉತ್ತರ: ಹೊಸ ಲೆನ್ಸಿಗೆ ಎತ್ತಿಟ್ಟ ಹಣದಲ್ಲಿ ಮೊದಲು ದೀಪ ಕೊಳ್ಳಿ.

ಬಿಲೇಯರ್ ದೀಪ ಆರಿಸಲಿಲ್ಲವೆಂದು ನೀವು ಬೇಸರಪಟ್ಟು ಬರೆದದ್ದು ಸರಿಯಲ್ಲ. ಅವರು ಆರಿಸಬಾರದು. ಹಗ್ಗ ತಡೆಯುವ ಬ್ರೇಕ್ ಕೈಯಲ್ಲಿರುವ ಹಗ್ಗವೂ ಅದು ಹಾಯುವ ಬಿಲೇ ಸಾಧನವೂ ಅವರಿಗೆ ಕಾಣಬೇಕು. ಅವರ ದೀಪವನ್ನು ಕೆಂಪಿಗಿಡಲು ಕೇಳಬಹುದು. ಅದೂ ತೊಂದರೆಯಾದರೆ ಚೌಕಟ್ಟಿನ ಕೆಳ ಅಂಚನ್ನು ಎರಡು ಮೀಟರ್ ಮೇಲಕ್ಕೆತ್ತಿ. ಎಂಟರ ಆಕಾರದ ಗಂಟು, ಹಾರ್ನೆಸಿನ ಬಕಲ್, ಕ್ಯಾರಾಬಿನರಿನ (ಲೋಹದ ಕೊಂಡಿಯ) ತಿರುಪು, ಇವುಗಳ ಪರೀಕ್ಷೆ ಬಿಳಿ ಬೆಳಕಿನಲ್ಲೇ ಆಗಲಿ, ಇಬ್ಬರೂ ಪರಸ್ಪರ ನೋಡಿಕೊಳ್ಳಲಿ. ಆ ಹೊತ್ತಿನಲ್ಲಿ ಛಾಯಾಗ್ರಾಹಕರು ಬಾಯಿ ತೆರೆಯಬಾರದು. ಚಿತ್ರಕ್ಕಾಗಿ ರಾತ್ರಿ ಲೀಡ್ ಹತ್ತಿಸುವುದನ್ನು (ಹಗ್ಗವನ್ನು ಕೆಳಗಿನಿಂದ ತಾವೇ ಒಯ್ದು ಸಿಕ್ಕಿಸುತ್ತಾ ಏರುವುದನ್ನು) ನಾನು ಒಪ್ಪುವುದಿಲ್ಲ, ಟಾಪ್ ರೋಪ್ ಸಾಕು; ಗೆರೆಗೆ ಹಗ್ಗ ಯಾವ ಕಡೆಯಿಂದ ಬಂತೆಂಬುದು ಗೊತ್ತಾಗುವುದಿಲ್ಲ. ಮಳೆ ಬಂದ ಮೇಲಂತೂ ಮರಳುಗಲ್ಲು ಪೂರ್ತಿ ಒಣಗುವವರೆಗೆ ಹತ್ತಲೇಬಾರದು. ಒದ್ದೆಯಾದಾಗ ಅದು ದುರ್ಬಲವಾಗುತ್ತದೆ, ಹಿಡಿತಗಳು ಮುರಿಯುತ್ತವೆ, ಮುರಿದದ್ದು ಮತ್ತೆ ಬರುವುದಿಲ್ಲ.

ಹೆಜ್ಜೇನಿನ ಮಾತನ್ನು ಯಾರೂ ಎತ್ತಲಿಲ್ಲವೆಂಬುದು ನನಗೆ ಆಶ್ಚರ್ಯ. ನಮ್ಮ ಕಡೆಯ ಎತ್ತರದ ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಕಟ್ಟುವುದು ಎಲ್ಲರಿಗೂ ತಿಳಿದದ್ದೇ. ರಾತ್ರಿ ಅವು ಸುಮ್ಮನಿರುತ್ತವೆ ಎಂಬ ನಂಬಿಕೆ ತಪ್ಪು. ಬೆಳದಿಂಗಳಲ್ಲಿ ಅವು ಹಾರಾಡುತ್ತವೆ, ಕೆಣಕಿದರೆ ದೀಪದ ಕಡೆಗೇ ಬರುತ್ತವೆ. ಬಂಡೆಯನ್ನು ಟಾರ್ಚಿನಿಂದ ಬಣ್ಣ ಬಳಿದಂತೆ ಬೆಳಗಿಸುವ ಲೈಟ್ ಪೇಂಟಿಂಗಿನ ಹುಚ್ಚು ಈ ಗುಂಪಿನಲ್ಲಿ ಹಲವರಿಗಿದೆ. ಹಗಲಿನಲ್ಲೇ ದುರ್ಬೀನಿನಿಂದ ಇಡೀ ಗೋಡೆ ನೋಡಿ. ಒಂದು ತಟ್ಟಿ ಕಂಡರೂ ಆ ಗೋಡೆಯನ್ನು ಬಿಟ್ಟುಬಿಡಿ. ಹಗ್ಗದಲ್ಲಿ ತೂಗುತ್ತಿರುವವರಿಗೆ ಓಡಲು ಜಾಗವಿರುವುದಿಲ್ಲ.

ಬಾದಾಮಿಗೆ ಬದಲು ಹತ್ತಿರದ, ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿಗೇ ಒಂದು ರಾತ್ರಿ ಹೋಗೋಣವೆಂದು ಚಿತ್ರದ ಕೆಳಗೊಬ್ಬರು ಬರೆದಿದ್ದಾರೆ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕತ್ತಲಾದ ಮೇಲೆ ಅಲ್ಲಿ ಉಳಿಯುವುದು ಅಪರಾಧ. ಬಂಡೆ ಏರಿಕೆಗೆ ಹೆಸರಾದ ಚಿತ್ರದುರ್ಗದ ಜ್ಯೋತಿರಾಜ್ 2023ರಲ್ಲಿ ಆ ಬಂಡೆ ಏರಿದ್ದು ಹಗಲಿನಲ್ಲಿ. ಅವರ ವೀಡಿಯೊ ನೋಡಿ ಹುರುಪುಗೊಂಡು ರಾತ್ರಿ ಹೊರಡುವವರನ್ನು ಈ ಗುಂಪು ಪ್ರೋತ್ಸಾಹಿಸಬಾರದು. ಬಾದಾಮಿಯಲ್ಲೂ ಸಂರಕ್ಷಿತ ಸ್ಮಾರಕಗಳ ಆವರಣವನ್ನು ಬಿಟ್ಟು, ಜಾಗಕ್ಕೆ ಸಂಬಂಧಪಟ್ಟವರನ್ನು ಕೇಳಿ, ಅಲ್ಲಿಯ ಏರಿಕೆಗಾರರೊಬ್ಬರನ್ನು ಜೊತೆಗಿಟ್ಟುಕೊಂಡೇ ಹೋಗಿ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮುಸ್ಸಂಜೆಯಲ್ಲೇ ಬಂಡೆಯ ಮೇಲೆ ಹೊಂದಿಸಿ, ಮ್ಯಾನುವಲ್‌ಗೆ ಬದಲಿಸಿ, ಉಂಗುರಕ್ಕೆ ಟೇಪ್ ಸುತ್ತಿ. ಲೆನ್ಸಿನ ಸ್ಟೆಬಿಲೈಸೇಷನ್ (ನಡುಕ ತಡೆಯುವ ಸೌಲಭ್ಯ) ಬಂದ್ ಮಾಡಿ. ಟ್ರೈಪಾಡಿನ ನಡುಗಂಬ ಎತ್ತಬೇಡಿ, ಕೊಕ್ಕೆಗೆ ಚೀಲ ತೂಗಿಬಿಟ್ಟರೆ ಅದು ನೆಲಕ್ಕೆ ತಾಗುವಂತಿರಲಿ, ಗಾಳಿಗೆ ಓಲಾಡಿದರೆ ಇಲ್ಲದ ತೊಂದರೆ.

ಕೊನೆಯದಾಗಿ ನಿಮ್ಮ ಚಿತ್ರದ ಅಂಚಿನಲ್ಲಿರುವ ಮಸುಕು. ಅದನ್ನು ಲೆನ್ಸಿನ ದೋಷ ಎಂದಿದ್ದೀರಿ. ನನಗೆ ಅದು ಇಬ್ಬನಿಯಂತೆ ಕಾಣುತ್ತದೆ. ಅರ್ಧ ಗಂಟೆಗೂ ಹೆಚ್ಚು ಬಯಲಿನಲ್ಲಿ ನಿಂತ ಲೆನ್ಸಿನ ಗಾಜು ಗಾಳಿಗಿಂತ ತಣ್ಣಗಾಗಿ ನೀರು ಹಿಡಿಯುತ್ತದೆ. ಪವರ್ ಬ್ಯಾಂಕಿನಿಂದ ನಡೆಯುವ ಬೆಚ್ಚಗಿನ ಪಟ್ಟಿಯನ್ನು ಲೆನ್ಸಿಗೆ ಸುತ್ತಿದರೆ ಇದು ನಿಲ್ಲುತ್ತದೆ. ನಮ್ಮ ಕರಾವಳಿಯಲ್ಲಿ ಏಸಿ ಕಾರಿನಿಂದ ಇಳಿಸಿದ ಕ್ಯಾಮೆರಾ ಸೆಕೆಯ ಗಾಳಿಗೆ ತಾಗಿದೊಡನೆ ಮಂಜಾಗುವುದೂ ಇದೇ ಕಾರಣಕ್ಕೆ. ಜಾಗ ತಲುಪುವ ಅರ್ಧ ಗಂಟೆ ಮೊದಲೇ ಏಸಿ ನಿಲ್ಲಿಸಿ ಕಿಟಕಿ ತೆರೆಯಿರಿ. ಮನೆಗೆ ಬಂದ ಮೇಲೆ ಲೆನ್ಸನ್ನು ಒರೆಸಿ, ಒಂದು ರಾತ್ರಿ ಬ್ಯಾಗಿನಿಂದ ಹೊರಗಿಟ್ಟು ಒಣಗಿಸಿ, ಆಮೇಲೆ ಡ್ರೈ ಬಾಕ್ಸಿನಲ್ಲಿ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇಟ್ಟುಕೊಳ್ಳಿ. ಒದ್ದೆ ಲೆನ್ಸನ್ನು ಹಾಗೆಯೇ ಬ್ಯಾಗಿನಲ್ಲಿ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಫಂಗಸ್ ಗಾಜಿನೊಳಗೆ ಬೇರು ಬಿಟ್ಟಿರುತ್ತದೆ. ರಾಟೆಯ ಅಭ್ಯಾಸದ ಫ್ರೇಮ್‌ಗಳನ್ನು ಮುಂದಿನ ಹುಣ್ಣಿಮೆಯ ಮೊದಲು ಇಲ್ಲಿ ಹಾಕಿದರೆ, ನೀವು ಹೊರಡುವ ಮುಂಚೆ ನಾನು ನೋಡಿ ಹೇಳುತ್ತೇನೆ.